ನಲವತ್ತೈದು ಕಡಿಮೆ

ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ಪಂಪು ಆರುನೂರ ಎಪ್ಪತ್ತು ತೋರಿಸಿತ್ತು.
ನಾನೇ ಬರೆದುಕೊಂಡಿದ್ದೆ, ಗ್ರೀಸು ಬೆರಳಿನಲ್ಲಿ,
ಬೀಡಿ ಕಟ್ಟಿನ ಕಾಗದದ ಹಿಂದೆ.
ಪೀರಾಸಾಬ್ ಮೇಸ್ತ್ರಿ ಅದರ ಬೆನ್ನಿಗೆ
ಎಮ್ಮೆಗೆ ತಟ್ಟಿದ ಹಾಗೆ ಎರಡು ತಟ್ಟಿ
‘ಹೊರಡಾಕ ರೆಡಿ ಐತೆ’ ಅಂದಿದ್ದ.

ತೋರಣಗಲ್ಲು ದಾಟಿ, ಸಂಡೂರು ದಾಟಿ
ಘಾಟಿ ಹತ್ತುವಾಗ ಲಾರಿ ಎರಡನೇ ಗೇರಿಗೆ ಬಿತ್ತು.
ಹಿಂದೆ, ಪಂಪಿನ ಹಗ್ಗ ಹಿಡಿದು ಕೂತ ನನ್ನ
ಕಿವಿ ಎರಡೂ ಮುಚ್ಚಿಕೊಂಡವು,
ತಿರುವಿನಲ್ಲಿ ಪಟ್ಟಂತ ತೆರೆದವು.
ಅಷ್ಟನ್ನೇ ಅವತ್ತು ಯಾರಾದರೂ ಲೆಕ್ಕಕ್ಕೆ ಹಿಡಿದಿದ್ದರೆ
ಮುಂದಿನ ಜಗಳ ಇರುತ್ತಿರಲಿಲ್ಲ.

ದೇವಗಿರಿಯ ಮೇಲೆ,
ಮೋಡಕ್ಕೆ ಕೈ ಒರೆಸಿಕೊಳ್ಳುವಷ್ಟು ಹತ್ತಿರ,
ಗಣಿಯವರ ಫಿಲ್ಟರು.
ಬಂಡಿಗಾಲಿಯಂಥ ಬಿಲ್ಲೆಗಳು
ಕೆಂಪು ಕೆಸರಲ್ಲಿ ಮುಳುಗಿ ಏಳುತ್ತವೆ.
ಬಟ್ಟೆಯ ಹಿಂದೆ ಶೂನ್ಯ ಕೂತು ನೀರು ಹೀರಬೇಕು,
ಅದಿರು ಒಣಗಿ, ಹಂಚಿನ ರೊಟ್ಟಿಯಂತೆ ಕಳಚಿ ಬೀಳಬೇಕು.
ಬಿತ್ತು. ಮುದ್ದೆಯ ಹಾಗೆ,
ತಪ್ಪೆಂದು, ಒದ್ದೆ ಒದ್ದೆ.
ಮುಳ್ಳು ಆರುನೂರ ಇಪ್ಪತ್ತೈದಕ್ಕೆ ನಿಂತು
ಕತ್ತೆಯಂತೆ ಮೊಂಡು ಹಿಡಿಯಿತು.

ಜನಾರ್ದನ ಶೆಟ್ಟರು ಕನ್ನಡಕ ಹಣೆಗೇರಿಸಿ
‘ನಲವತ್ತೈದು ಎಲ್ಲಿ ಹೋಯ್ತು?’ ಅಂದರು,
ನಾವು ದಾರಿಯಲ್ಲಿ ಮಾರಿಕೊಂಡ ಹಾಗೆ.

ಗ್ಲ್ಯಾಂಡು ಬಿಗಿದೆವು. ತಣ್ಣೀರು ಬದಲಿಸಿದೆವು.
ಒಂದೊಂದು ಜಾಯಿಂಟಿಗೂ ಊದುಬತ್ತಿ ಹಿಡಿದು
ಹೊಗೆ ಒಳಗೆ ಬಾಗುತ್ತದೋ ಎಂದು ಕಾದೆವು.
ಹೊಗೆ ನೆಟ್ಟಗೆ ಮೇಲೆ ಹೋಯಿತು,
ದೇವರ ಮುಂದೆ ಹೋಗುವಂತೆ.

ಮೂರನೆಯ ದಿನ ಮೇಸ್ತ್ರಿ ಸಂಡೂರಿನಿಂದ
ಹತ್ತು ಮೀಟರು ಗಾಜಿನಂಥ ಪೈಪು ತರಿಸಿದ.
ಮೆಟ್ಟಿಲ ಕಂಬಕ್ಕೆ ಉದ್ದಕ್ಕೂ ಕಟ್ಟಿ
ಕೆಳತುದಿ ಬಕೆಟ್ಟಿಗೆ, ಮೇಲ್ತುದಿ ಪಂಪಿನ ಬಾಯಿಗೆ.
ನೀರು ಏರಿತು, ಏರಿತು,
ಒಂದು ತುಕ್ಕು ಬೋಲ್ಟಿನ ಹತ್ತಿರ ನಿಂತೇಬಿಟ್ಟಿತು.
ಅದರ ಮೇಲೆ ಎರಡಡಿಗೆ ಸೀಮೆಸುಣ್ಣದ ಗೀಟೆಳೆದು ಹೇಳಿದ:
‘ಬಳ್ಳಾರಿಯಾಗ ಇಲ್ಲಿತನಕ ಬರ್ತಿತ್ತು ಸ್ವಾಮಿ.
ಪಂಪು ಏನೂ ಎಳೆಯಂಗಿಲ್ಲ,
ಜಾಗ ಖಾಲಿ ಮಾಡ್ತೈತೆ ಅಷ್ಟೆ.
ತಳ್ಳೋದು ಹೊರಗಿನ ಗಾಳಿ.
ಗುಡ್ಡದ ಮ್ಯಾಲೆ ಗಾಳಿ ತೆಳ್ಳಗೈತೆ,
ಆ ಎರಡಡಿ ನೀರು ಹೊರೋ ಶಕ್ತಿ ಅದಕ್ಕಿಲ್ಲ.
ಇದ್ದಿದ್ರಾಗೇ ತಾನೆ ತೆಗೀಬೇಕು?’

ಶೆಟ್ಟರು ಬಕೆಟ್ಟು ನೋಡಿದರು, ಗೀಟು ನೋಡಿದರು,
ಬಹಳ ಹೊತ್ತು ಆಕಾಶವನ್ನೂ ನೋಡಿದರು.
‘ಆದ್ರೂ ಕಾಗದದಲ್ಲಿ ಎಪ್ಪತ್ತು ಅಂತ ಇದೆಯಲ್ಲ’
ಅಂದು ಎಂಟು ಸಾವಿರ ಹಿಡಿದುಕೊಂಡರು.
ಆಮೇಲೆ ಪಕ್ಕಕ್ಕೆ ಇನ್ನೊಂದು ಹೊಸ ಪಂಪು ಕೂಡಿಸಿದರಂತೆ.
ಮುಳ್ಳು ಅಲ್ಲೇ ನಿಂತಿತಂತೆ.

ಇದೆಲ್ಲ ನೆನಪಾದದ್ದು ಮೊನ್ನೆ,
ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ.
ಮಂಚದ ಮೇಲೆ ಕೂತು ಮೇಸ್ತ್ರಿ
ಮೂರು ಉಂಡೆಯ ಪ್ಲಾಸ್ಟಿಕ್ ಡಬ್ಬಿಯ ಕೊಳವೆ ಬಾಯಿಗಿಟ್ಟಿದ್ದ.
‘ಎಳೀರಿ ತಾತ, ಎಳೀರಿ, ಇನ್ನೂ ಎಳೀರಿ’
ಎಂದು ನರ್ಸ್ ಹುಡುಗಿ ಕೂಗುತ್ತಿದ್ದಳು.
ನಲವತ್ತು ವರ್ಷ ಕೆಂಪು ಧೂಳು ಕುಡಿದ ಎದೆ
ಏರಿತು, ಕತ್ತಿನ ನರ ಏರಿದವು.
ಒಂದು ಉಂಡೆ ಎದ್ದಿತು.
ಎರಡನೆಯದು ಅಲುಗಿ, ಕೂತಿತು.
ಮೂರನೆಯದಕ್ಕೆ ಸುದ್ದಿಯೇ ಮುಟ್ಟಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ
ಅವನು ಕಿಟಕಿಯತ್ತ ಕೈ ತೋರಿಸಿದ.
ಆಚೆ ಕೋಟೆಗುಡ್ಡ, ಅದರ ನೆತ್ತಿಗೆ ಬಿಸಿಲು.
ಈಚೆ ನಾವು, ಬಯಲಲ್ಲಿ.
‘ಇಲ್ಲಿ ಗಾಳಿ ಪೂರ್ತಿ ಐತಲೇ’ ಅಂದ, ತಡೆತಡೆದು,
‘ಇಲ್ಲಿ ಆ ನೆಪ ನಡಿಯಂಗಿಲ್ಲ.’

ಹುಡುಗಿ ಚೀಟಿಯಲ್ಲಿ ಏನೋ ಬರೆದುಕೊಂಡಳು.
ನಾನು, ರೂಢಿ ಬಿಡದೆ,
ಕೊಳವೆ ಡಬ್ಬಿಗೆ ಸೇರುವ ಕಡೆ ಬೆರಳಿಟ್ಟು
ಒತ್ತಿ, ತಿರುವಿ ನೋಡಿದೆ.
ಎಲ್ಲೂ ಸೋರುತ್ತಿರಲಿಲ್ಲ.